ಹೂತ ಶವದ ಸಾಕ್ಷ್ಯ

ಪತ್ತೇದಾರಿ ಕಾದಂಬರಿಯನ್ನು ಸಾಹಿತ್ಯವೆಂದು ಒಪ್ಪಲು ನಮ್ಮ ಪಂಡಿತರು ಹಿಂಜರಿಯುತ್ತಾರೆ. ಆದರೆ ಅಗಾಥಾ ಕ್ರಿಸ್ಟಿಯವರ ‘ಸ್ಯಾಡ್ ಸೈಪ್ರೆಸ್’ (1940) ಎತ್ತುವ ಪ್ರಶ್ನೆ ಹಗುರವಾದುದಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ದುಡಿದ ಈ ಲೇಖಕಿ, ಮದ್ದೇ ವಿಷವಾಗುವ ಬಗೆಯನ್ನು ಚೆನ್ನಾಗಿ ಬಲ್ಲರು.

ತರುಣಿಯೊಬ್ಬಳಿಗೆ ವಿಷವಿಕ್ಕಿದಳೆಂಬ ಆರೋಪ ಹೊತ್ತವಳು ಎಲಿನರ್. ಅವಳಿಗೆ ಆಸ್ತಿ ಬಿಟ್ಟು ಸತ್ತ ಅತ್ತೆಯ ಶವವನ್ನೂ ಅಗೆದು ತೆಗೆದಾಗ ಅದರಲ್ಲಿ ಮಾರ್ಫಿನ್ ಸಿಗುತ್ತದೆ. ಸಂದೇಹ ಇಮ್ಮಡಿಯಾಗುತ್ತದೆ. ರಸಾಯನಶಾಸ್ತ್ರದ ಮಾತು ನಿಜವೇ. ಆದರೆ ಮದ್ದು ಯಾವುದೆಂದು ಅದು ಹೇಳೀತೇ ಹೊರತು, ಕೊಟ್ಟ ಕೈ ಯಾರದೆಂದು ಹೇಳಲಾರದು. ನಿಜವಾದ ಸುಳಿವು ಇರುವುದು ಹರಿದ ಮದ್ದಿನ ಚೀಟಿಯ ಒಂದು ಸಣ್ಣ ಅಕ್ಷರದಲ್ಲಿ. ಕಾದಂಬರಿಯ ಹಿರಿಮೆ ಈ ವಿವೇಕದಲ್ಲಿದೆ.

ಕೊರತೆಯೂ ಉಂಟು. ಇಲ್ಲಿ ಶವದ ಸಾಕ್ಷ್ಯವನ್ನು ಯಾರೂ ಶಂಕಿಸುವುದಿಲ್ಲ. ಲೋಕದಲ್ಲಿ ಹಾಗಲ್ಲ. ಕಾಲ ಕಳೆದಂತೆ ಮದ್ದು ನಶಿಸಬಹುದು. ದೇಹ ಕೊಳೆತು ಹುಟ್ಟುವ ದ್ರವ್ಯಗಳು ಪರೀಕ್ಷಕನನ್ನೇ ವಂಚಿಸಬಹುದು. ಅಮೆರಿಕದ ನ್ಯೂಜೆರ್ಸಿಯಲ್ಲಿ 1976ರಲ್ಲಿ, ಹೂತು ಹತ್ತು ವರ್ಷವಾದ ಶವಗಳನ್ನು ತೆಗೆಸಿ, ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯುಗಳನ್ನು ಸಡಿಲಿಸುವ ಕ್ಯುರಾರೆ ಎಂಬ ಮದ್ದನ್ನು ಹುಡುಕಿದರು. ಅದು ಅಷ್ಟು ಕಾಲ ಉಳಿದೀತೇ ಎಂದು ತಜ್ಞರೇ ನ್ಯಾಯಾಲಯದಲ್ಲಿ ಕಾದಾಡಿದರು. 1978ರಲ್ಲಿ, ಆರೋಪ ಹೊತ್ತಿದ್ದ ವೈದ್ಯನನ್ನು ಜ್ಯೂರಿ ನಿರ್ದೋಷಿಯೆಂದಿತು.

ಒಬ್ಬರ ಕೊರಳು ನೇಣಿನ ಕೆಳಗಿರುವಾಗ ‘ಸಿಕ್ಕಿತು’ ಎಂಬ ಮಾತನ್ನೂ ವಿಚಾರಣೆಗೆ ಒಳಪಡಿಸಬೇಕು. ಕೊಟ್ಟ ಕೈಯನ್ನು ಶಂಕಿಸಲು ಕ್ರಿಸ್ಟಿ ಕಲಿಸಿದರು. ಕಂಡ ಕಣ್ಣನ್ನೂ ಶಂಕಿಸುವ ಕಾದಂಬರಿ ನಮಗೆ ಇನ್ನೂ ಬೇಕಾಗಿದೆ.