ಎರಡು ಕಸುಬು ಕೂಡಿದ ಗೆರೆ

ಜೂರಾಲ ಅಣೆಕಟ್ಟಿನ ಆಚೀಚೆಯ ಊರುಗಳಲ್ಲಿ ಗದ್ವಾಲ ಸೀರೆಯನ್ನು ಬಲ್ಲವರು ಅದರ ಮೈ ಮತ್ತು ಅಂಚು ಕೂಡುವ ಗೆರೆಯ ಮೇಲೆ ಬೆರಳಾಡಿಸಿ ನೋಡುತ್ತಾರೆ. ಮೈ ಹತ್ತಿ, ಅಂಚು ರೇಷ್ಮೆ. ಎಳೆಗೆ ಎಳೆ ಕೊಂಡಿ ಹಾಕಿ ಮಗ್ಗದಲ್ಲೇ ಕೂಡಿಸಿದ್ದು. ದೇಹದೊಳಗಿನ ಚಿತ್ರ ತೆಗೆಯುವ ಎಂಜಿನಿಯರುಗಳು ಸಂಘ ಕಟ್ಟಿದ ಚರಿತ್ರೆಯನ್ನು ಓದುವಾಗಲೂ ನನ್ನ ಬೆರಳು ಅಂಥದೇ ಗೆರೆಯನ್ನು ಹುಡುಕುತ್ತದೆ.

ಅದು ಸಿಗುವುದು 1897ರ ಲಂಡನ್ನಿನಲ್ಲಿ. ರಾಂಟ್‌ಜೆನ್ ಎಕ್ಸ್-ರೇ ಕಂಡು ಎರಡು ವರ್ಷವೂ ತುಂಬಿರಲಿಲ್ಲ, ಅಷ್ಟರಲ್ಲೇ ಅವರ ಹೆಸರಿನ ಸೊಸೈಟಿ ಹುಟ್ಟಿತು. ಮೊದಲ ಅಧ್ಯಕ್ಷ ಸಿಲ್ವೇನಸ್ ಥಾಂಪ್ಸನ್ ಫಿನ್ಸ್‌ಬರಿ ತಾಂತ್ರಿಕ ಕಾಲೇಜಿನಲ್ಲಿ ಭೌತಶಾಸ್ತ್ರ, ವಿದ್ಯುತ್ ಎಂಜಿನಿಯರಿಂಗ್ ಕಲಿಸುತ್ತಿದ್ದವರು. ರೋಗಿಯ ನಾಡಿ ಹಿಡಿಯುವ ವೈದ್ಯರೂ ಉಪಕರಣ ಕಟ್ಟುವ ಕುಶಲಿಗಳೂ ಒಂದೇ ಸಭೆಯಲ್ಲಿ ಕೂತರು. ಎಂಥ ಚೆಂದದ ಸಭೆ! 1927ರಲ್ಲಿ ಅದು ಬ್ರಿಟಿಷ್ ಇನ್‌ಸ್ಟಿಟ್ಯೂಟ್ ಆಫ್ ರೇಡಿಯಾಲಜಿಯಲ್ಲಿ ಬೆರೆತುಹೋಯಿತು.

ನಮ್ಮ ದೇಶದ ವೈದ್ಯಕೀಯ ಭೌತವಿಜ್ಞಾನಿಗಳು ತಮ್ಮದೇ ಸಂಘ ಕಟ್ಟಿಕೊಂಡದ್ದು 1976ರಲ್ಲಿ. ಆದರೆ ಈ ವಿದ್ಯೆಯ ಅತಿ ಸೊಗಸಾದ ಕೆಲಸವೊಂದು ಅದಕ್ಕೂ ಐದು ವರ್ಷ ಮೊದಲೇ ಬೆಂಗಳೂರಿನ ಹೆಸರಿಗೆ ಸಂದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಗೆ ವಿದ್ಯುತ್ ಎಂಜಿನಿಯರಿಂಗ್ ಓದಲು ಬಂದು, ಸಿ.ವಿ. ರಾಮನ್ ಅವರ ಕೈಗೆ ಸಿಕ್ಕಿ ಭೌತವಿಜ್ಞಾನಿಯಾದವರು ಜಿ.ಎನ್. ರಾಮಚಂದ್ರನ್. ಎ.ವಿ. ಲಕ್ಷ್ಮೀನಾರಾಯಣನ್ ಜೊತೆಗೂಡಿ 1971ರಲ್ಲಿ ಅವರು ಪ್ರಕಟಿಸಿದ್ದು ಪುಟ್ಟ ಲೇಖನ. ಇ.ಎಂ.ಐ. ಕಂಪನಿಯ ಎಂಜಿನಿಯರ್ ಹೌನ್ಸ್‌ಫೀಲ್ಡ್ ಅವರ ಯಂತ್ರ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯನ್ನು ಸಿ.ಟಿ. ಚಿತ್ರದಲ್ಲಿ ತೋರಿಸಿದ್ದೂ ಅದೇ ವರ್ಷ.

ಆ ಲೇಖನದ ರುಚಿಯನ್ನು ನಿಧಾನವಾಗಿ ಸವಿಯಬೇಕು. ಸುತ್ತಲಿನ ಹಲವು ಕೋನಗಳಿಂದ ಹಿಡಿದ ನೆರಳುಗಳನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಹರಡಿ ಒಂದರ ಮೇಲೊಂದು ಪೇರಿಸಿದರೆ ಚಿತ್ರವೇನೋ ಮೂಡುತ್ತದೆ, ಆದರೆ ಮಬ್ಬು ಮಬ್ಬಾಗಿ. ಹರಡುವ ಮೊದಲೇ ಪ್ರತಿ ನೆರಳನ್ನೂ ಒಂದು ಅಂಕಿಸಾಲಿನಲ್ಲಿ ಹಾಯಿಸಿ ಎಂದರು ಇವರು. ನಡುವೆ ಕಾಲು. ಅದರ ಎಡಬಲದ ಬೆಸ ಸ್ಥಾನಗಳಲ್ಲಿ ಋಣ ಸಂಖ್ಯೆಗಳು, ದೂರ ಸರಿದಂತೆ ದೂರದ ವರ್ಗಕ್ಕೆ ತಕ್ಕಂತೆ ಸಣ್ಣಗಾಗುತ್ತ, ಇನ್ನೂ ಸಣ್ಣಗಾಗುತ್ತ... ಸಮ ಸ್ಥಾನಗಳಲ್ಲಿ ಬರೀ ಸೊನ್ನೆ. ಇಷ್ಟೇ! ಆ ಋಣ ಸಂಖ್ಯೆಗಳು ಅಕ್ಕಪಕ್ಕದ ಮಬ್ಬನ್ನು ಮೆಲ್ಲಗೆ ಅಳಿಸುತ್ತವೆ. ಬೆಳ್ಳನೆಯ ಬುರುಡೆ ಎಲ್ಲಿ ಮುಗಿಯಿತು, ಬೂದು ಮಿದುಳು ಎಲ್ಲಿ ಮೊದಲಾಯಿತು ಎಂಬುದು ಕಣ್ಣಿಗೆ ನಿಚ್ಚಳವಾಗಿ ಕಾಣುತ್ತದೆ.

ಸಿ.ಟಿ. ಚಿತ್ರದ ಗಣಿತ ಕಲಿಯುವ ಎಂಜಿನಿಯರುಗಳು ಇಂದಿಗೂ ಈ ಅಂಕಿಸಾಲನ್ನು ಅವರಿಬ್ಬರ ಹೆಸರು ಸೇರಿಸಿ ರಾಮ್-ಲಾಕ್ ಎಂದೇ ಕರೆಯುತ್ತಾರೆ.