ಹೂಮರದ ಬಣ್ಣ ಮತ್ತು ಹರಕೆಯ ಹೂವು: ರುಮಾಲೆ ಚನ್ನಬಸವಯ್ಯನವರ ತೈಲಚಿತ್ರಗಳ ಒಂದು ಜಾನಪದೀಯ ಓದು

ಜರ್ಮನಿಯ ಅಭಿವ್ಯಕ್ತಿವಾದಿ ಕಲಾವಿದ ಎಮಿಲ್ ನೋಲ್ಡೆ 20ನೆಯ ಶತಮಾನದ ಮೊದಲ ದಶಕದಲ್ಲಿ ಹೂದೋಟಗಳನ್ನು ತೈಲವರ್ಣದಲ್ಲಿ ಚಿತ್ರಿಸಿದನು. ಅವನಿಗೆ ಬಣ್ಣವು ಹೂವಿನ ಹೋಲಿಕೆಯಲ್ಲ, ಮನಸ್ಸಿನ ಸ್ಥಿತಿ. ಕರ್ನಾಟಕದಲ್ಲಿ ಈ ಬಗೆಯ ವರ್ಣತೀವ್ರತೆಯನ್ನು ಹೂಬಿಟ್ಟ ಮರಗಳಲ್ಲಿ ಕಂಡವರು ದೊಡ್ಡಬಳ್ಳಾಪುರದಲ್ಲಿ ಜನಿಸಿದ ರುಮಾಲೆ ಚನ್ನಬಸವಯ್ಯ (1910-1988). ಕಲಾಭ್ಯಾಸವನ್ನು ಬಿಟ್ಟು ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿದ, ‘ತಾಯಿನಾಡು’ ಪತ್ರಿಕೆಯ ಸಂಪಾದಕರಾಗಿದ್ದ ಅವರು 1960ರ ದಶಕದಲ್ಲಿ ಮತ್ತೆ ಕುಂಚ ಹಿಡಿದರು. ಬೆಂಗಳೂರಿನ ಉದ್ಯಾನ ಮತ್ತು ಸಾಲುಮರಗಳೇ ಅವರ ವಸ್ತುವಾದವು.

ಈ ಚಿತ್ರಗಳ ದಟ್ಟವಾದ, ತುಂಡು ತುಂಡಾದ ಕುಂಚದೆಳೆಗಳನ್ನು ಕಂಡು ವಿಮರ್ಶಕರು ವ್ಯಾನ್ ಗೋನನ್ನು ನೆನೆಯುವುದುಂಟು. ಇದಕ್ಕೆ ಪ್ರತಿಯಾಗಿ, ಗಾಂಧಿವಾದಿಯ ಕಲೆಯಾದ್ದರಿಂದ ಅದು ಅಪ್ಪಟ ದೇಶೀಯವೆಂದು ವಾದಿಸಲೂ ಸಾಧ್ಯ. ಎರಡೂ ನಿಲುವುಗಳು ಬಣ್ಣದ ಹುಟ್ಟೂರನ್ನು ಹುಡುಕುತ್ತವೆಯೇ ಹೊರತು ಅದರ ಬಳಕೆಯನ್ನು ಪರಿಶೀಲಿಸುವುದಿಲ್ಲ. ಬಳಕೆಯನ್ನು ಅರಿಯಲು ನಗರದ ಉದ್ಯಾನದಿಂದ ಬಹುದೂರದ ಒಂದು ಬಯಲುಸೀಮೆಯ ಊರು ನೆರವಾಗುತ್ತದೆ.

ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರ ರಾಜ್ಯದ ಅತಿ ಕಡಿಮೆ ಮಳೆಯ ಸೀಮೆಗೆ ಸೇರಿದೆ. ಇಲ್ಲಿನ ಮಾರಮ್ಮನ ಜಾತ್ರೆಯಲ್ಲಿ ಭಕ್ತರು ಈರುಳ್ಳಿ ತೂರಿ ಹರಕೆ ತೀರಿಸುತ್ತಾರೆ. ಮಾರಮ್ಮನ ಆರಾಧನೆಯಲ್ಲಿ ಬೇವಿನ ಹಸಿರು, ಅರಿಶಿನದ ಹಳದಿ, ಕುಂಕುಮದ ಕೆಂಪು ಅಲಂಕಾರಗಳಲ್ಲ. ತಾಯಿಯ ಉಗ್ರತೆ ಮತ್ತು ಶಾಂತಿಯ ಗುರುತುಗಳು. ಅಲ್ಲಿ ಬಣ್ಣ ಭಾವವನ್ನು ಹೇಳುತ್ತದೆ, ವಸ್ತುವನ್ನಲ್ಲ.

ಆದರೆ ಇದನ್ನೇ ಆಧಾರ ಮಾಡಿಕೊಂಡು ರುಮಾಲೆಯವರ ಬಣ್ಣ ಜನಪದ ಮೂಲದ್ದೆಂದು ಹೇಳುವುದು ಅವಸರದ ತೀರ್ಮಾನವಾಗುತ್ತದೆ. ಹೋಲಿಕೆಯು ಪ್ರಭಾವಕ್ಕೆ ಸಾಕ್ಷಿಯಲ್ಲ. ಅಷ್ಟೇ ಅಲ್ಲ, ನಮ್ಮ ಹಬ್ಬ ಜಾತ್ರೆಗಳಲ್ಲಿ ಅನಿವಾರ್ಯವಾಗಿರುವ ಚೆಂಡುಹೂವೇ ಮೆಕ್ಸಿಕೋ ಕಡೆಯಿಂದ ಬಂದದ್ದು. ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೆ ಹೆಸರು ತಂದ ಶೇಂಗಾ ದಕ್ಷಿಣ ಅಮೆರಿಕದ್ದು. ಅವನ್ನು ಯಾರೂ ಪರದೇಶಿ ಎನ್ನುವುದಿಲ್ಲ. ದೇವರಿಗೆ ಮುಡಿಸಿದ ಮೇಲೆ, ಹೊಲದಲ್ಲಿ ಬೆಳೆದು ಉಂಡ ಮೇಲೆ ಅವು ನಮ್ಮವಾಗಿವೆ. ದೇಶೀಯತೆ ಬೀಜದಲ್ಲಿಲ್ಲ, ಒಡನಾಟದಲ್ಲಿದೆ.

ರುಮಾಲೆಯವರ ಮರಗಳಿಗೂ ಈ ಮಾತು ಸಲ್ಲುತ್ತದೆ. ಗುಲ್‌ಮೊಹರ್ ಮಡಗಾಸ್ಕರ್‌ನ ಮರ, ಜಕರಂಡ ದಕ್ಷಿಣ ಅಮೆರಿಕದ್ದು. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ಸಸ್ಯತಜ್ಞ ಕ್ರುಂಬಿಗಲ್, ವರ್ಷವಿಡೀ ಒಂದಲ್ಲ ಒಂದು ಮರ ಹೂಬಿಡುವಂತೆ ನಗರದ ರಸ್ತೆಗಳನ್ನು ಯೋಜಿಸಿದವರು. ವಸಾಹತು ಆಡಳಿತವನ್ನು ವಿರೋಧಿಸಿದ ಹೋರಾಟಗಾರರೊಬ್ಬರು ಆ ಕಾಲದಲ್ಲೇ ನೆಲೆಯೂರಿದ ಮರಗಳಲ್ಲಿ ತಾಯ್ನಾಡಿನ ಚೆಲುವನ್ನು ಕಂಡರು. ಇದು ವಿರೋಧಾಭಾಸವಲ್ಲ, ಚೆಂಡುಹೂವನ್ನು ತನ್ನದಾಗಿಸಿಕೊಂಡ ಜನಪದ ವಿವೇಕದ ಇನ್ನೊಂದು ರೂಪ.

ಗೌರಸಮುದ್ರದ ಅಳತೆಗೋಲು ಈ ಕಲೆಯ ಮಿತಿಯನ್ನೂ ತೋರಿಸುತ್ತದೆ. ಮಾರಮ್ಮನ ಹೂವಿನ ಹಿಂದೆ ಬರವಿದೆ, ಸಿಡುಬಿನ ನೆನಪಿದೆ, ಭಯವಿದೆ. ರುಮಾಲೆಯವರ ಮರಗಳು ಹೆಚ್ಚಾಗಿ ಹೂವಿನ ಸುಗ್ಗಿಯಲ್ಲೇ ನಿಲ್ಲುತ್ತವೆ. ಎಲೆ ಉದುರಿದ ಕೊಂಬೆಯಾಗಲಿ, ನೀರೆರೆದ ಕೈಯಾಗಲಿ ಅಲ್ಲಿ ಮುಖ್ಯವಾಗುವುದಿಲ್ಲ. ಅಭಿವ್ಯಕ್ತಿವಾದದ ಉಲ್ಲಾಸವನ್ನು ಅವರು ಪೂರ್ಣವಾಗಿ ಪಡೆದರು, ಅದರ ತಳಮಳವನ್ನು ಬಹುಮಟ್ಟಿಗೆ ಹೊರಗಿಟ್ಟರು.

ಹರಕೆಯ ಹೂವು ಬಾಡಿ ನಿರ್ಮಾಲ್ಯವಾಗುತ್ತದೆ. ಮರುವರ್ಷ ಹೊಸ ಹೂವು ಬರುತ್ತದೆಂಬ ನಂಬಿಕೆ ಆ ಆಚರಣೆಗಿದೆ. ತೈಲಚಿತ್ರಕ್ಕೆ ಆ ನಂಬಿಕೆಯಿಲ್ಲ. ಅದು ಉಳಿಸಿಕೊಳ್ಳಲು ಬಯಸುತ್ತದೆ. ರಸ್ತೆ ಅಗಲೀಕರಣಕ್ಕೆ ಬೆಂಗಳೂರಿನ ಅನೇಕ ಸಾಲುಮರಗಳು ಬಲಿಯಾದ ಮೇಲೆ ಆ ಬಯಕೆಗೆ ಕಲಾವಿದರು ಎಣಿಸದಿದ್ದ ಅರ್ಥ ಕೂಡಿಕೊಂಡಿದೆ. ಹರ್ಷವನ್ನಷ್ಟೇ ಬರೆದ ಚಿತ್ರಗಳಿಗೆ ಅವರು ಬಿಡಿಸದ ವಿಷಾದವನ್ನು ಕಾಲವೇ ಸೇರಿಸಿದೆ.