ಕ್ರಿಸ್ಟೆನ್‌ಸನ್ನರ ಸಿದ್ಧಾಂತ: ಒಂದು ಪರಿಶೀಲನೆ

ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಪ್ರಾಧ್ಯಾಪಕರಾಗಿದ್ದ ಕ್ಲೇಟನ್ ಕ್ರಿಸ್ಟೆನ್‌ಸನ್ (1952–2020) ಅವರ ‘ದಿ ಇನ್ನೊವೇಟರ್ಸ್ ಡೈಲೆಮಾ’ ಎಂಬ ಗ್ರಂಥವು 1997ರಲ್ಲಿ ಪ್ರಕಟವಾಯಿತು. ಸುವ್ಯವಸ್ಥಿತವಾದ ದೊಡ್ಡ ಸಂಸ್ಥೆಗಳು ತಾಂತ್ರಿಕ ಪರಿವರ್ತನೆಯ ಕಾಲದಲ್ಲಿ ಏತಕ್ಕೆ ಮುಗ್ಗರಿಸುತ್ತವೆ ಎಂಬುದೇ ಅದರ ಪ್ರಶ್ನೆ. ಆಲಸ್ಯದಿಂದಲೋ ಅಜ್ಞಾನದಿಂದಲೋ ಅಲ್ಲ, ತಮ್ಮ ಗಿರಾಕಿಗಳ ಮಾತನ್ನು ಶ್ರದ್ಧೆಯಿಂದ ಕೇಳುವುದರಿಂದಲೇ ಎಂದು ಅವರು ಉತ್ತರಿಸಿದರು. ಗುಣವೇ ದೋಷವಾಗಿ ಪರಿಣಮಿಸುವ ಈ ವೈಚಿತ್ರ್ಯವನ್ನು ಗುರುತಿಸಿದುದು ಅವರ ನಿಜವಾದ ಸಾಧನೆಯೆಂದು ನಾವು ಒಪ್ಪುತ್ತೇವೆ.

ಅವರ ಮುಖ್ಯ ಆಧಾರವು ಕಂಪ್ಯೂಟರಿನಲ್ಲಿ ಮಾಹಿತಿಯನ್ನು ಕೂಡಿಡುವ ಡಿಸ್ಕ್ ಡ್ರೈವ್‌ನ ಇತಿಹಾಸ. ಅದರ ಗಾತ್ರವು 14 ಅಂಗುಲದಿಂದ 8ಕ್ಕೂ, ಅಲ್ಲಿಂದ 5.25ಕ್ಕೂ, ಮುಂದೆ 3.5ಕ್ಕೂ ಇಳಿಯಿತು. ಚಿಕ್ಕ ಡ್ರೈವ್ ಮೊದಮೊದಲು ಕಡಿಮೆ ಮಾಹಿತಿಯನ್ನು ಹಿಡಿಯುತ್ತಿದ್ದುದರಿಂದ ಹಳೆಯ ಗಿರಾಕಿಗಳು ಅದನ್ನು ಒಲ್ಲೆನೆಂದರು. ಚಿಕ್ಕ ಯಂತ್ರಗಳನ್ನು ಕಟ್ಟುವ ಹೊಸ ಗಿರಾಕಿಗಳು ಬರಮಾಡಿಕೊಂಡರು. 1980ರಲ್ಲಿ 5.25 ಅಂಗುಲದ ಡ್ರೈವನ್ನು ತಂದ ಸೀಗೇಟ್ ಸಂಸ್ಥೆಯು 3.5 ಅಂಗುಲದ ಮಾದರಿಯನ್ನು ತಾನೇ ಸಿದ್ಧಪಡಿಸಿಯೂ ಇದೇ ಕಾರಣದಿಂದ ಬದಿಗಿಟ್ಟಿತು. ಆ ಅವಕಾಶವು ಕಾನರ್ ಪೆರಿಫೆರಲ್ಸ್ ಎಂಬ ಹೊಸ ಸಂಸ್ಥೆಯ ಪಾಲಾಯಿತು.

ಇಲ್ಲಿಯವರೆಗೆ ವಾದವು ಸೊಗಸಾಗಿದೆ. ಆದರೆ 1996ರಲ್ಲಿ, ಎಂದರೆ ಗ್ರಂಥವು ಅಚ್ಚಾಗುವುದಕ್ಕೆ ಒಂದು ವರ್ಷ ಮುಂಚೆ, ಆ ಕಾನರನ್ನೇ ಸೀಗೇಟ್ ಕೊಂಡುಕೊಂಡಿತು. ಹಾಗಾದರೆ ಸೋತವರಾರು? ಹೊಸ ಮಾರುಕಟ್ಟೆಯಲ್ಲಿ ಸೀಗೇಟ್ ಹಿಂದೆ ಬಿದ್ದುದು ದಿಟ. ಅದು ಅಳಿಯಲಿಲ್ಲವೆಂಬುದೂ ಅಷ್ಟೇ ದಿಟ. ಕಥೆಯನ್ನು ಯಾವ ವರ್ಷದಲ್ಲಿ ನಿಲ್ಲಿಸಿದರೆ ಸಿದ್ಧಾಂತವು ಗೆಲ್ಲುವುದೆಂಬುದು ಲೇಖಕರ ಕೈಯಲ್ಲಿದೆ. ಇತಿಹಾಸಕಾರ್ತಿ ಜಿಲ್ ಲೆಪೋರ್ 2014ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಎತ್ತಿದ ಆಕ್ಷೇಪಣೆಯ ತಿರುಳು ಇಂಥದೇ. ಆಕೆಯ ಧಾಟಿ ತುಸು ಕಟುವಾಯಿತೆನ್ನಬಹುದು. ಆಕ್ಷೇಪಣೆಯನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಮರುವರ್ಷ ಆಂಡ್ರ್ಯೂ ಕಿಂಗ್ ಮತ್ತು ಬಾಲ್ಜಿರ್ ಬಾಟರ್‌ಟಾಗ್ಟೋಕ್ ಎಂಬ ಸಂಶೋಧಕರು ಕ್ರಿಸ್ಟೆನ್‌ಸನ್ನರ ಗ್ರಂಥಗಳಲ್ಲಿ ಬರುವ 77 ನಿದರ್ಶನಗಳನ್ನು ಆಯಾ ಉದ್ಯಮದ ತಜ್ಞರ ಮುಂದಿಟ್ಟರು. ಸಿದ್ಧಾಂತದ ನಾಲ್ಕು ಅಂಶಗಳೂ ಕೂಡಿಬಂದುದು ಶೇಕಡ 9ರಷ್ಟರಲ್ಲಿ ಮಾತ್ರ.

ಭವಿಷ್ಯ ನುಡಿಯುವಲ್ಲಿ ದೌರ್ಬಲ್ಯವು ಇನ್ನೂ ಸ್ಪಷ್ಟ. 2007ರಲ್ಲಿ ಆ್ಯಪಲ್ ಸಂಸ್ಥೆಯ ಐಫೋನ್ ಹೆಚ್ಚಿನ ಯಶಸ್ಸನ್ನು ಪಡೆಯಲಾರದೆಂದು ಅವರು ಎಣಿಸಿದ್ದರು. ಅದು ಸ್ಪರ್ಧಿಸಿದುದು ಇತರ ಫೋನುಗಳೊಡನಲ್ಲ, ಲ್ಯಾಪ್‌ಟಾಪಿನೊಡನೆ ಎಂದು ಆಮೇಲೆ ತಪ್ಪನ್ನು ಒಪ್ಪಿಕೊಂಡರು. ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಆದರೂ ಫಲಿತಾಂಶವನ್ನು ಕಂಡ ಬಳಿಕ ವರ್ಗೀಕರಣವನ್ನು ಬದಲಿಸಬಹುದಾದರೆ ಸಿದ್ಧಾಂತವನ್ನು ಸುಳ್ಳೆಂದು ತೋರಿಸುವುದು ಹೇಗೆ?

‘ಡಿಸ್ರಪ್ಷನ್’ ಎಂಬ ಮಾತನ್ನು ಹೊಸತೆಲ್ಲಕ್ಕೂ ಅಂಟಿಸುವ ರೂಢಿಗೆ ಅವರನ್ನು ಹೊಣೆಮಾಡುವುದು ನ್ಯಾಯವಲ್ಲ. ಊಬರ್ ತಮ್ಮ ಲಕ್ಷಣಕ್ಕೆ ಹೊಂದದೆಂದು 2015ರಲ್ಲಿ ಅವರೇ ಸಹಲೇಖಕರೊಡನೆ ಬರೆದರು, ಕೇಳಿದವರು ಕಡಿಮೆ. ಗ್ರಂಥದ ಮೊದಲನೆಯ ಅಧ್ಯಾಯವನ್ನು ಪಾಠ ಹೇಳುವ ಅಧ್ಯಾಪಕರು ಸೀಗೇಟಿನ ವೃತ್ತಾಂತವನ್ನು 1996ರವರೆಗೂ ಮುಂದುವರಿಸಿ, ಬಳಿಕ ಗ್ರಂಥಕರ್ತರ ನಿರ್ಣಯವನ್ನು ವಿದ್ಯಾರ್ಥಿಗಳ ಮುಂದಿಡಬೇಕೆಂಬುದು ನಮ್ಮ ಸೂಚನೆ.